ಒಂದೇ ಕಾರ್ಖಾನೆ, ಬೇರೆ ಬೇರೆ ಕಾಗದ: ಅಮೆರಿಕದ ಗ್ವಾಟೆಮಾಲಾ ಮತ್ತು ಲಾವೋಸ್ ವಲಸಿಗರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಿಯ ಗ್ವಾಟೆಮಾಲಾ, ಎಲ್ಲಿಯ ಲಾವೋಸ್! ಈ ಇಬ್ಬರನ್ನೇ ಯಾಕೆ ಹೋಲಿಸಬೇಕು?

ಹೊರಗಿನಿಂದ ನೋಡಿದರೆ ಸಂಬಂಧವೇ ಇಲ್ಲ, ನಿಜ. ಒಂದು ಮಧ್ಯ ಅಮೆರಿಕದ ದೇಶ, ಇನ್ನೊಂದು ಥಾಯ್ಲೆಂಡಿನ ಪಕ್ಕದ್ದು. ಆದರೆ ಅಮೆರಿಕಕ್ಕೆ ಬಂದ ಈ ಎರಡು ಗುಂಪುಗಳ ಕತೆಯಲ್ಲಿ ಹೋಲಿಕೆ ಬಹಳ ಇದೆ. ಎರಡೂ ಕಡೆ ಬಂದವರು ಹೆಚ್ಚಾಗಿ ಹಳ್ಳಿಯವರು, ಗದ್ದೆ ಹೊಲ ಮಾಡಿಕೊಂಡಿದ್ದವರು. ಶಾಲೆ ಕಂಡಿದ್ದು ಕಡಿಮೆ. ಎರಡೂ ದೇಶಗಳ ಯುದ್ಧದಲ್ಲಿ ಅಮೆರಿಕದ ಕೈ ಇತ್ತು. ಎರಡೂ ಕಡೆಯಿಂದ ಜನ ದೊಡ್ಡ ಸಂಖ್ಯೆಯಲ್ಲಿ ಹೊರಟಿದ್ದು 1975ರಿಂದ 1985ರ ಆಸುಪಾಸಿನಲ್ಲಿ. ಕೊನೆಗೆ ಸಿಕ್ಕಿದ ಕೆಲಸವೂ ಹೆಚ್ಚುಕಮ್ಮಿ ಒಂದೇ: ಮಾಂಸದ ಕಾರ್ಖಾನೆ, ಹೊಲಿಗೆ, ಜೋಡಣೆ ಕೆಲಸ, ತೋಟ.

ಅಯೋವಾ ರಾಜ್ಯದ ಸ್ಟಾರ್ಮ್ ಲೇಕ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಹನ್ನೊಂದು ಸಾವಿರದಷ್ಟು. 1982ರಲ್ಲಿ ಅಲ್ಲಿ ದೊಡ್ಡ ಹಂದಿಮಾಂಸದ ಕಾರ್ಖಾನೆ ಶುರುವಾಯಿತು. ಲಾವೋಸ್‌ನವರು ಅಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ಮೆಕ್ಸಿಕೊ, ಗ್ವಾಟೆಮಾಲಾದವರು ಬಂದರು. ಒಂದೇ ಕಾರ್ಖಾನೆ, ಒಂದೇ ಚಾಕು, ಒಂದೇ ಚಳಿ. ಆದರೆ ಒಬ್ಬನ ಜೇಬಿನಲ್ಲಿ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸಿ ದುಡಿಯಲು ಅನುಮತಿಯ ಕಾಗದ, ಇತ್ತು, ಪಕ್ಕದವರಲ್ಲಿ ಅನೇಕರಿಗೆ ಅದು ಇರಲಿಲ್ಲ. ಈ ಹೋಲಿಕೆಯ ರುಚಿ ಇರುವುದೇ ಅಲ್ಲಿ.

ಒಂದೇ ಮಾತಲ್ಲಿ ಹೇಳಿ, ಯಾರ ಸ್ಥಿತಿ ಚೆನ್ನಾಗಿದೆ?

ಲಾವೋಸ್‌ನವರದ್ದು. ಮನೆಯ ಒಟ್ಟು ಆದಾಯ, ಸ್ವಂತ ಮನೆ, ಆರೋಗ್ಯ ವಿಮೆ, ಬಡತನದ ಪ್ರಮಾಣ, ಯಾವ ಅಳತೆ ಹಿಡಿದರೂ ಅವರೇ ಮುಂದೆ. ಲಾವೋಸ್ ಮೂಲದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತದ್ದು. ಗ್ವಾಟೆಮಾಲಾ ಮೂಲದವರಲ್ಲಿ ಅದು ಮೂರರಲ್ಲಿ ಒಂದರ ಹತ್ತಿರ. ಆದರೆ ಈ ಉತ್ತರ ಓದಿ ಪುಟ ಮುಚ್ಚಿಬಿಟ್ಟರೆ ತಪ್ಪು ತಿಳಿದ ಹಾಗಾಗುತ್ತದೆ. ಮುಂದೆ ಓದಿ.

ಲಾವೋಸ್‌ನವರು ಅಮೆರಿಕಕ್ಕೆ ಹೇಗೆ ಬಂದರು?

ವಿಯೆಟ್ನಾಂ ಯುದ್ಧದ ಪಕ್ಕದಲ್ಲೇ ಲಾವೋಸ್‌ನಲ್ಲಿ ಇನ್ನೊಂದು ಗುಟ್ಟಿನ ಯುದ್ಧ ನಡೆಯುತ್ತಿತ್ತು. 1964ರಿಂದ 1973ರವರೆಗೆ ಅಮೆರಿಕ ಆ ಸಣ್ಣ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಬೆಟ್ಟದ ಹ್ಮಾಂಗ್ ಜನರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಪರವಾಗಿ ಯುದ್ಧಕ್ಕೆ ಇಳಿಸಿತ್ತು. 1975ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಪಾಥೆಟ್ ಲಾವೋ ಪೂರ್ತಿ ಅಧಿಕಾರ ಹಿಡಿಯಿತು. ಹಳೆಯ ಸರ್ಕಾರದ ಕಡೆಯವರು, ಸೈನಿಕರು, ಆಮೇಲೆ ಸಾಮಾನ್ಯ ರೈತರು ರಾತ್ರೋರಾತ್ರಿ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಓಡಿದರು. ಬಾನ್ ವಿನಾಯ್, ನಾಂಗ್ ಖಾಯ್ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ.

ಅಲ್ಲಿಂದ ಅಮೆರಿಕ ಅವರನ್ನು ನಿರಾಶ್ರಿತರೆಂದು ಕರೆಸಿಕೊಂಡಿತು. 1975ರ ಒಂದು ವಿಶೇಷ ಕಾನೂನಿಗೆ 1976ರಲ್ಲಿ ಇವರನ್ನೂ ಸೇರಿಸಿದರು, 1980ರಲ್ಲಿ ನಿರಾಶ್ರಿತರ ಕಾಯಿದೆ ಬಂತು. ವಿಮಾನ ಇಳಿದ ದಿನದಿಂದಲೇ ಕೆಲಸ ಮಾಡಲು ಅನುಮತಿ, ಒಂದು ವರ್ಷದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ, ಮುಂದೆ ಪೌರತ್ವ. ಮೊದಲ ಮನೆ, ಚಳಿಗಾಲದ ಕೋಟು, ಮಕ್ಕಳ ಶಾಲೆ ಸೇರ್ಪಡೆ, ಇವನ್ನೆಲ್ಲ ನೋಡಿಕೊಳ್ಳಲು ಎಷ್ಟೋ ಊರುಗಳಲ್ಲಿ ಚರ್ಚುಗಳು ಮುಂದೆ ಬಂದವು.

ಗ್ವಾಟೆಮಾಲಾದವರೂ ಯುದ್ಧಕ್ಕೆ ಹೆದರಿ ಬಂದವರೇ ಅಲ್ವಾ? ಅವರಿಗೆ ಯಾಕೆ ಈ ಬಾಗಿಲು ತೆಗೆಯಲಿಲ್ಲ?

ಹೌದು, ಅವರೂ ಹಾಗೇ ಬಂದವರು. 1960ರಿಂದ 1996ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 2 ಲಕ್ಷ. ಗುರುತು ಸಿಕ್ಕ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಮೂಲನಿವಾಸಿಗಳು ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. 1980ರ ದಶಕದ ಆರಂಭದಲ್ಲಿ ಸೇನೆ ಬೆಟ್ಟದ ಹಳ್ಳಿಗಳನ್ನು ಸುಟ್ಟುಹಾಕಿತ್ತು.

ಆದರೆ ಒಂದು ತೊಡಕಿತ್ತು. ಲಾವೋಸ್‌ನವರು ಓಡಿಬಂದದ್ದು ಅಮೆರಿಕದ ಶತ್ರುವಿನಿಂದ. ಗ್ವಾಟೆಮಾಲಾದವರು ಓಡಿಬಂದದ್ದು ಅಮೆರಿಕದ ಗೆಳೆಯನಿಂದ. 1954ರಲ್ಲಿ ಹಾಕೊಬೊ ಆರ್ಬೆನ್ಸ್ ಸರ್ಕಾರವನ್ನು ಉರುಳಿಸಿದ ದಂಗೆಗೆ ಸಿಐಎ ಬೆನ್ನಾಗಿ ನಿಂತಿತ್ತು. ಆಮೇಲಿನ ಸೇನಾ ಸರ್ಕಾರಗಳ ಜೊತೆಗೂ ವಾಷಿಂಗ್ಟನ್‌ನ ನಂಟಿತ್ತು. ಅಲ್ಲಿಂದ ಬಂದವರಿಗೆ ಆಶ್ರಯ ಕೊಟ್ಟರೆ, ಗೆಳೆಯನೇ ಜನರನ್ನು ಕೊಲ್ಲುತ್ತಿದ್ದಾನೆ ಎಂದು ಒಪ್ಪಿಕೊಂಡ ಹಾಗೆ. ಹಾಗಾಗಿ 1980ರ ದಶಕದಲ್ಲಿ ಗ್ವಾಟೆಮಾಲಾದವರ ಆಶ್ರಯದ ಅರ್ಜಿಗಳಲ್ಲಿ ನೂರಕ್ಕೆ ಮೂರು ಕೂಡ ಪಾಸಾಗುತ್ತಿರಲಿಲ್ಲ. 'ನೀವು ಬಂದಿರುವುದು ದುಡ್ಡಿಗಾಗಿ' ಎಂದು ವಾಪಸ್ ಕಳಿಸಿದರು.

ಚರ್ಚುಗಳು ಕೋರ್ಟಿಗೆ ಹೋದವು. 1991ರಲ್ಲಿ ಸರ್ಕಾರ ರಾಜಿಗೆ ಬಂದು ಹಳೆಯ ಅರ್ಜಿಗಳನ್ನು ಮತ್ತೆ ನೋಡಲು ಒಪ್ಪಿತು. 1997ರಲ್ಲಿ ಇನ್ನೊಂದು ಕಾನೂನು ಕೆಲವರಿಗೆ ದಾರಿ ತೆಗೆಯಿತು. ಆದರೆ ಪಕ್ಕದ ಎಲ್ ಸಾಲ್ವಡಾರ್, ಹೊಂಡುರಾಸ್ ಜನರಿಗೆ ಗಡಿಪಾರಿನಿಂದ ಸಿಕ್ಕ ತಾತ್ಕಾಲಿಕ ರಕ್ಷಣೆಯ ಪಟ್ಟಿಗೆ ಗ್ವಾಟೆಮಾಲಾ ಒಮ್ಮೆಯೂ ಸೇರಲಿಲ್ಲ. ನನಗೆ ಇದು ಇಡೀ ಕತೆಯಲ್ಲೇ ಅತಿ ಬೇಸರದ ಭಾಗ.

ಕಾಗದಕ್ಕೂ ಕೈಯಲ್ಲಿ ಉಳಿಯುವ ದುಡ್ಡಿಗೂ ಅಷ್ಟೊಂದು ಸಂಬಂಧ ಇದೆಯಾ?

ಬಹಳ ಇದೆ. ಸಾಲದಿಂದಲೇ ಶುರು ಮಾಡೋಣ, ಯಾಕೆಂದರೆ ಇಬ್ಬರೂ ಸಾಲ ಹೊತ್ತುಕೊಂಡೇ ಬಂದವರು.

ನಿರಾಶ್ರಿತರಿಗೆ ವಿಮಾನದ ಟಿಕೆಟ್ ಪುಕ್ಕಟೆ ಅಲ್ಲ. ಅದು ಸಾಲ. ಆದರೆ ಬಡ್ಡಿ ಇಲ್ಲ, ತಿಂಗಳಿಗೆ ಇಷ್ಟಿಷ್ಟು ಎಂದು ತೀರಿಸಬಹುದು. ಅದನ್ನು ಸರಿಯಾಗಿ ಕಟ್ಟಿದವನಿಗೆ ಬ್ಯಾಂಕಿನ ಲೆಕ್ಕದಲ್ಲಿ ಒಳ್ಳೆಯ ಹೆಸರೂ ಬರುತ್ತದೆ. ಗ್ವಾಟೆಮಾಲಾದ ಯುವಕ ಗಡಿ ದಾಟಿಸುವ ದಲ್ಲಾಳಿಗೆ, ಅಂದರೆ ಕೊಯೋಟೆಗೆ, ದುಡ್ಡು ಕೊಡಬೇಕು. ಈಗೀಗ ಅದು ಹತ್ತು ಸಾವಿರ ಡಾಲರ್ ದಾಟುವುದು ಮಾಮೂಲು. ಅಪ್ಪನ ಜಮೀನು ಅಡವಿಟ್ಟು ಊರಿನಲ್ಲೇ ದುಬಾರಿ ಬಡ್ಡಿಗೆ ತಂದ ದುಡ್ಡು. ದಾರಿಯಲ್ಲಿ ಸಿಕ್ಕಿಬಿದ್ದು ವಾಪಸಾದರೆ ಸಾಲ ಉಳಿಯುತ್ತದೆ, ಜಮೀನು ಹೋಗುತ್ತದೆ. ಗಡಿ ದಾಟಿದವನು ಮೊದಲ ಒಂದೆರಡು ವರ್ಷ ದುಡಿಯುವುದು ಬರೀ ಆ ಸಾಲಕ್ಕೆ. ಬಡ್ಡಿ ಬೆಳೆಯುವ ಪರಿ ನಮ್ಮ ಊರುಗಳ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಲಸ. ಕಾಗದ ಇದ್ದವನು ಸಂಬಳ ಸಾಲದು ಅನ್ನಿಸಿದರೆ ಪಕ್ಕದ ಊರಿನ ಕಾರ್ಖಾನೆಗೆ ಹೋಗುತ್ತಾನೆ. ವೆಲ್ಡಿಂಗ್ ಕಲಿಯುತ್ತಾನೆ, ಲೈಸೆನ್ಸ್ ತೆಗೆದುಕೊಳ್ಳುತ್ತಾನೆ, ಯೂನಿಯನ್ ಸೇರುತ್ತಾನೆ. ಲೂಯಿಸಿಯಾನಾದ ನ್ಯೂ ಐಬೀರಿಯಾ ಹತ್ತಿರ ಹೀಗೇ ಆಯಿತು. 1980ರ ದಶಕದ ಆರಂಭದಲ್ಲಿ ಪೈಪ್ ಜೋಡಣೆಯ ಸರ್ಕಾರಿ ತರಬೇತಿ ಲಾವೋಸ್‌ನವರನ್ನು ಅಲ್ಲಿಗೆ ಸೆಳೆಯಿತು. ತೈಲ ಉದ್ಯಮದಲ್ಲಿ ಕೆಲಸ ಸಿಕ್ಕಿತು. ಅವರು ಜಾಗ ಕೊಂಡು, ಬೌದ್ಧ ದೇವಾಲಯ ಕಟ್ಟಿ, ಸುತ್ತ ಲಾನ್‌ಸಾಂಗ್ ವಿಲೇಜ್ ಎಂಬ ಬಡಾವಣೆಯನ್ನೇ ಮಾಡಿಕೊಂಡರು. ಲಾನ್ ಸಾಂಗ್ ಅಂದರೆ ಹತ್ತು ಲಕ್ಷ ಆನೆ, ಅವರ ಹಳೆಯ ರಾಜ್ಯದ ಹೆಸರು.

ಕಾಗದ ಇಲ್ಲದವನಿಗೆ ಇದ್ಯಾವುದೂ ಸುಲಭವಲ್ಲ. ಮೇಸ್ತ್ರಿ ಕೂಲಿ ಹಿಡಿದುಕೊಂಡರೂ ದೂರು ಕೊಡಲು ಹಿಂಜರಿಕೆ. ಮನೆ ಸಾಲ ಸಿಕ್ಕರೆ ಹೆಚ್ಚು ಬಡ್ಡಿ, ಹೆಚ್ಚು ಮುಂಗಡ. ಸಂಬಳದಿಂದ ಪಿಂಚಣಿಗೆಂದು ದುಡ್ಡು ಮುರಿಯುತ್ತಾರೆ, ಆದರೆ ಮುದಿವಯಸ್ಸಿನಲ್ಲಿ ಪಿಂಚಣಿ ಕೈಗೆ ಬರುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಮಾಂಸದ ಕಾರ್ಖಾನೆಗಳು ಮುಚ್ಚಬಾರದು ಎಂದರು, ಇಬ್ಬರೂ ಒಳಗೆ ನಿಂತು ದುಡಿದರು. ಸರ್ಕಾರ 1,200 ಡಾಲರ್ ಚೆಕ್ ಕಳಿಸಿದಾಗ ಸೋಶಿಯಲ್ ಸೆಕ್ಯುರಿಟಿ ನಂಬರ್ (ಕೆಲಸ, ಪಿಂಚಣಿಗೆ ಬೇಕಾದ ಸರ್ಕಾರಿ ಗುರುತಿನ ಸಂಖ್ಯೆ) ಇಲ್ಲದೆ ತೆರಿಗೆ ಕಟ್ಟುತ್ತಿದ್ದವರಿಗೆ ಅದು ಬರಲಿಲ್ಲ.

ಒಂದೇ ದಿನದಲ್ಲಿ ಎಲ್ಲ ಕಳೆದುಹೋಗುವ ಭಯ ಬೇರೆ. 2008ರ ಮೇ 12ರಂದು ಅಯೋವಾದ ಪೋಸ್ಟ್‌ವಿಲ್ ಎಂಬ ಊರಿನ ಮಾಂಸದ ಕಾರ್ಖಾನೆಯಲ್ಲಿ ವಲಸೆ ಅಧಿಕಾರಿಗಳು 389 ಜನರನ್ನು ಹಿಡಿದರು. ಹೆಚ್ಚಿನವರು ಗ್ವಾಟೆಮಾಲಾದವರು. ಎರಡು ಸಾವಿರ ಚಿಲ್ಲರೆ ಜನರ ಊರದು. ಅಂಗಡಿ, ಬಾಡಿಗೆ ಮನೆ, ಶಾಲೆ ಎಲ್ಲ ಒಂದೇ ಬಾರಿ ಖಾಲಿ ಹೊಡೆದವು.

ಇಷ್ಟು ಹೇಳಿದ ಮೇಲೆ ಒಂದು ಮಾತು: ಗ್ವಾಟೆಮಾಲಾದವರೆಲ್ಲ ಕಾಗದ ಇಲ್ಲದವರಲ್ಲ. ಅಮೆರಿಕದಲ್ಲೇ ಹುಟ್ಟಿದವರು, ಪೌರತ್ವ ಪಡೆದವರು, ಗ್ರೀನ್ ಕಾರ್ಡ್ ಇರುವವರು ಲಕ್ಷಗಟ್ಟಲೆ ಇದ್ದಾರೆ.

ಹಾಗಾದರೆ ಲಾವೋಸ್‌ನವರು ಸರ್ಕಾರದ ದುಡ್ಡಿನಿಂದಲೇ ಮೇಲೆ ಬಂದರು ಅನ್ನಬಹುದಾ?

ಅಷ್ಟು ಸಲೀಸಾಗಿ ಹೇಳಲಾಗದು. 1990ರ ಜನಗಣತಿಯ ಹೊತ್ತಿಗೆ, ಅಂದರೆ ಬಂದು ಹತ್ತು ವರ್ಷ ದಾಟಿದ ಮೇಲೂ, ಲಾವೋಸ್‌ನವರಲ್ಲಿ ಮೂರರಲ್ಲಿ ಒಬ್ಬರು ಬಡತನದ ರೇಖೆಯ ಕೆಳಗಿದ್ದರು. ಹ್ಮಾಂಗ್ ಜನರಲ್ಲಿ ಮೂರರಲ್ಲಿ ಇಬ್ಬರ ಹತ್ತಿರ. ಇಡೀ ಅಮೆರಿಕದಲ್ಲಿ ಆಗ ಅದು ಶೇ 13ರಷ್ಟು ಮಾತ್ರ.

ಬಡ ಕುಟುಂಬಗಳಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನದ ನಿಯಮವೇ ಎಷ್ಟೋ ಬಾರಿ ಕಾಲಿಗೆ ಕಟ್ಟಿದ ಕಲ್ಲಾಗಿತ್ತು. ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ ಮುಖ್ಯ ದುಡಿಮೆಗಾರ ತಿಂಗಳಿಗೆ 100 ಗಂಟೆಗಿಂತ ಹೆಚ್ಚು ಕೆಲಸ ಮಾಡಿದರೆ ಸಹಾಯ ನಿಂತುಹೋಗುತ್ತಿತ್ತು. ಏಳೆಂಟು ಮಕ್ಕಳ ಮನೆಗೆ ಕನಿಷ್ಠ ಕೂಲಿಯ ಕೆಲಸ ಹಿಡಿಯುವುದೇ ನಷ್ಟದ ಬಾಬ್ತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ, ಸ್ಟಾಕ್ಟನ್ ಕಡೆ ನೆಲೆಸಿದ ಕುಟುಂಬಗಳು ಹೀಗೆ ಸಿಕ್ಕಿಹಾಕಿಕೊಂಡವು. ನಿರಾಶ್ರಿತರಿಗೆಂದೇ ಇದ್ದ ನಗದು ಸಹಾಯವನ್ನೂ 1980ರಲ್ಲಿದ್ದ 36 ತಿಂಗಳಿಂದ ಕತ್ತರಿಸುತ್ತಾ 1991ರ ಹೊತ್ತಿಗೆ 8 ತಿಂಗಳಿಗೆ ಇಳಿಸಿದರು.

ಅದೇ ಕಾಲದಲ್ಲಿ ಗ್ವಾಟೆಮಾಲಾದ ಗಂಡಸರು ಬಂದ ವಾರದಲ್ಲೇ ಕೆಲಸಕ್ಕೆ ಹತ್ತುತ್ತಿದ್ದರು, ಬೇರೆ ದಾರಿಯೇ ಇರಲಿಲ್ಲ. ಆಗ ಯಾರಾದರೂ ಇಬ್ಬರನ್ನೂ ನೋಡಿ 'ಗ್ವಾಟೆಮಾಲಾದವರು ಶ್ರಮಜೀವಿಗಳು, ಲಾವೋಸ್‌ನವರು ಸರ್ಕಾರದ ಮೇಲೆ ಕುಳಿತವರು' ಎಂದಿದ್ದರೆ ಅಂಕಿ ಅಂಶ ಅವರ ಪರವಾಗೇ ಇರುತ್ತಿತ್ತು. ಇವತ್ತು ಅದೇ ಅಂಕಿ ಅಂಶ ತಿರುಗಿದೆ. ಜನರ ಸ್ವಭಾವ ಬದಲಾಯಿತಾ? ಇಲ್ಲ. 2000ದ ಹೊತ್ತಿಗೆ ಲಾವೋಸ್‌ನವರ ಬಡತನ ಐವರಲ್ಲಿ ಒಬ್ಬರಿಗೆ ಇಳಿದಿತ್ತು. ಮಕ್ಕಳು ದೊಡ್ಡವರಾಗಿದ್ದರು, ಮನೆಯಲ್ಲಿ ಎರಡು ಮೂರು ಸಂಬಳ ಬರುತ್ತಿತ್ತು, ಕಾಗದ ಗಟ್ಟಿಯಾಗಿತ್ತು.

ಹ್ಮಾಂಗ್ ಜನ ಲಾವೋಸ್‌ನವರೇ ಅಲ್ವಾ? ಅವರನ್ನು ಸೇರಿಸಿ ಲೆಕ್ಕ ಹಾಕುತ್ತಾರಾ?

ದೇಶ ಒಂದೇ, ಲೆಕ್ಕ ಬೇರೆ. ಅಮೆರಿಕದ ಜನಗಣತಿಯಲ್ಲಿ 'ಲಾವೋಷಿಯನ್' ಒಂದು ಗುಂಪು, 'ಹ್ಮಾಂಗ್' ಇನ್ನೊಂದು. 2000ದಲ್ಲೂ ಹ್ಮಾಂಗ್ ಜನರ ಬಡತನ ಶೇ 38ರಷ್ಟಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದ್ದರಿಂದ ಲಾವೋಸ್‌ನ ಚಿತ್ರ ಸ್ವಲ್ಪ ಹೆಚ್ಚೇ ಹೊಳೆಯುತ್ತದೆ. ಇಯು ಮಿಯೆನ್, ಖಮು ಮುಂತಾದ ಸಣ್ಣ ಗುಂಪುಗಳೂ ಇವೆ.

ಗ್ವಾಟೆಮಾಲಾ ಅಂದರೆ ಸ್ಪ್ಯಾನಿಷ್ ಮಾತಾಡುವವರು ತಾನೆ?

ಎಲ್ಲರೂ ಅಲ್ಲ. ಆ ದೇಶದಲ್ಲಿ 22 ಮಾಯಾ ಭಾಷೆಗಳಿಗೆ ಮಾನ್ಯತೆ ಇದೆ. ಕಿಚೆ, ಮಾಮ್, ಕಂಹೊಬಾಲ್ ಅವುಗಳಲ್ಲಿ ಕೆಲವು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಮಾಮ್ ಮಾತಾಡುವವರು ಬಹಳ ಜನ. ಫ್ಲೋರಿಡಾದ ಇಂಡಿಯನ್‌ಟೌನ್‌ಗೆ 1980ರ ದಶಕದಲ್ಲೇ ಕಂಹೊಬಾಲ್ ಜನ ಕಿತ್ತಳೆ ತೋಟದ ಕೆಲಸಕ್ಕೆ ಬಂದರು. ಇವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಅಷ್ಟೂ ಇಲ್ಲ. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸಿ 'ಅನುಕೂಲ ಮಾಡಿದ್ದೇವೆ' ಅಂದರೆ ಪ್ರಯೋಜನವಿಲ್ಲ. ಲಾಸ್ ಏಂಜಲೀಸ್‌ನ ಸ್ಪ್ಯಾನಿಷ್ ಲೋಕದಲ್ಲೂ ಇವರು ಹೊರಗಿನವರೇ.

ಮನೆಯ ಆದಾಯ ನೋಡಿದರೆ ಸಾಕಾಗುವುದಿಲ್ಲವಾ?

ಅದೇ ದೊಡ್ಡ ಮೋಸ. ಲಾವೋಸ್‌ನವರ ಮನೆಯಲ್ಲಿ ಅಜ್ಜಿ, ಅಪ್ಪ ಅಮ್ಮ, ಕೆಲಸಕ್ಕೆ ಹೋಗುವ ಮಗ ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಇರುವುದು ಸಾಮಾನ್ಯ. ನಾಲ್ಕು ಸಂಬಳ ಕೂಡಿದರೆ ಮನೆಯ ಆದಾಯ ಚೆನ್ನಾಗೇ ಕಾಣುತ್ತದೆ. ತಲೆಗೆ ಹಂಚಿದರೆ ಅಷ್ಟಿಲ್ಲ.

ಗ್ವಾಟೆಮಾಲಾದವರಲ್ಲಿ ಇನ್ನೊಂದು ತಿರುವು. ಐದಾರು ಹುಡುಗರು ಸೇರಿ ಒಂದು ಬಾಡಿಗೆ ಮನೆ ಮಾಡುತ್ತಾರೆ. ಮನೆಯ ಆದಾಯದ ಲೆಕ್ಕದಲ್ಲಿ ಎಲ್ಲರ ದುಡಿಮೆಯೂ ಕೂಡುತ್ತದೆ. ಬಡತನದ ಲೆಕ್ಕದಲ್ಲಿ ಸಂಬಂಧಿಕರಲ್ಲದ ಪ್ರತಿಯೊಬ್ಬನೂ ಬೇರೆ ಬೇರೆ. ಅದೇ ಮನೆ ಒಂದು ಪಟ್ಟಿಯಲ್ಲಿ ಅನುಕೂಲಸ್ಥ, ಇನ್ನೊಂದರಲ್ಲಿ ಐದು ಬಡವರು!

ಬಡತನದ ರೇಖೆಯೂ ಊರು ನೋಡುವುದಿಲ್ಲ. ನಾಲ್ವರ ಕುಟುಂಬಕ್ಕೆ 2023ರಲ್ಲಿ ಅದು ಸುಮಾರು 31,000 ಡಾಲರ್, ಲಾಸ್ ಏಂಜಲೀಸ್‌ಗೂ ಅಷ್ಟೇ, ಸ್ಟಾರ್ಮ್ ಲೇಕ್‌ಗೂ ಅಷ್ಟೇ. ಬಾಡಿಗೆ ಮಾತ್ರ ಆಕಾಶ ಭೂಮಿಯ ವ್ಯತ್ಯಾಸ.

ಓದಿನಲ್ಲಿ ಯಾರು ಮುಂದೆ?

ಇಬ್ಬರೂ ಹಿಂದೆಯೇ. ದೊಡ್ಡವರಲ್ಲಿ ಪದವಿ ಪಡೆದವರು ಗ್ವಾಟೆಮಾಲಾ ಕಡೆ ಹತ್ತರಲ್ಲಿ ಒಬ್ಬರಷ್ಟು, ಲಾವೋಸ್ ಕಡೆ ಐವರಲ್ಲಿ ಒಬ್ಬರಿಗಿಂತ ಕಡಿಮೆ. ಓದಿನ ಅಂತರ ಇಷ್ಟು ಸಣ್ಣದಿದ್ದೂ ಸ್ವಂತ ಮನೆಯ ಅಂತರ ಅಷ್ಟು ದೊಡ್ಡದಿದೆ ಎಂಬುದನ್ನು ಗಮನಿಸಿ. ಓದೊಂದರಿಂದ ಇದನ್ನು ವಿವರಿಸಲು ಆಗುವುದಿಲ್ಲ.

ಆದರೆ ಅಮೆರಿಕದಲ್ಲಿ ಏಷ್ಯನ್ನರು ಶ್ರೀಮಂತರು ಅಂತಾರಲ್ಲ?

ಆ ಮಾತಿಗೆ ದೊಡ್ಡ ಕಾರಣ ನಮ್ಮವರು. ಭಾರತೀಯ ಮೂಲದ ಮನೆಗಳ ಮಧ್ಯಮ ಆದಾಯ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಹತ್ತಿರ. ದೊಡ್ಡವರಲ್ಲಿ ನಾಲ್ವರಲ್ಲಿ ಮೂವರು ಪದವೀಧರರು. ಇದು ರಕ್ತದ ಗುಣವಲ್ಲ. ಇಲ್ಲಿಯೇ ಎಂಜಿನಿಯರಿಂಗ್ ಮುಗಿಸಿ, ಎಚ್1ಬಿ ವೀಸಾದ ಜರಡಿಯಲ್ಲಿ ಸೋಸಿಕೊಂಡು ಹೋದವರ ಲೆಕ್ಕ ಅದು. ಬೆಂಗಳೂರಿನಿಂದ ಸ್ಯಾನ್ ಹೋಸೆಗೆ ಹೋದವನನ್ನೂ ಮೆಕಾಂಗ್ ಈಜಿ ಬಂದವನ ಮಗನನ್ನೂ 'ಏಷ್ಯನ್' ಎಂಬ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದರೆ ಎರಡನೆಯವನು ಕಾಣೆಯಾಗುತ್ತಾನೆ. ಈ ಅಂಕಿಗಳನ್ನು ಬಿಡಿಸಿ ತೋರಿಸಬೇಕೆಂದು ಕ್ಯಾಲಿಫೋರ್ನಿಯಾ 2016ರಲ್ಲಿ ಆರೋಗ್ಯ ಇಲಾಖೆಗೆ ಕಾನೂನೇ ಮಾಡಬೇಕಾಯಿತು.

ಊರಿಗೆ ದುಡ್ಡು ಕಳಿಸುವುದರಲ್ಲಿ ವ್ಯತ್ಯಾಸ ಇದೆಯಾ?

ಅಜಗಜಾಂತರ. 2023ರಲ್ಲಿ ಗ್ವಾಟೆಮಾಲಾಕ್ಕೆ ಹೊರಗಿನಿಂದ ಬಂದ ಹಣ ಸುಮಾರು 1,980 ಕೋಟಿ ಡಾಲರ್. ಆ ದೇಶದ ಒಟ್ಟು ಉತ್ಪನ್ನದ ಐದನೆಯ ಒಂದು ಭಾಗದ ಹತ್ತಿರ, ಬಹುಪಾಲು ಅಮೆರಿಕದಿಂದಲೇ. ಬೆಟ್ಟದ ಹಳ್ಳಿಗಳಲ್ಲಿ ಜೋಳದ ಹೊಲದ ನಡುವೆ ಮೂರಂತಸ್ತಿನ ಬಣ್ಣದ ಮನೆ ಎದ್ದಿರುತ್ತದೆ. ಕಟ್ಟಿಸಿದವನು ಅಮೆರಿಕದಲ್ಲಿ ಕೋಣೆ ಹಂಚಿಕೊಂಡು ಮಲಗುತ್ತಾನೆ. ಅವನ ಸ್ವಂತ ಮನೆ ಅಮೆರಿಕದ ಲೆಕ್ಕಕ್ಕೆ ಸಿಗುವುದೇ ಇಲ್ಲ! ಹಾಗಾಗಿ ಗ್ವಾಟೆಮಾಲಾದವರ ಉಳಿತಾಯ ಕಾಣುವುದಕ್ಕಿಂತ ಜಾಸ್ತಿಯೇ ಇದೆ ಎಂದು ನನ್ನ ಅನಿಸಿಕೆ.

ಲಾವೋಸ್‌ನವರು ಇಡೀ ಕುಟುಂಬ ಸಮೇತ ಬಂದವರು. ಅವರೂ ಕಳಿಸುತ್ತಾರೆ, ಆದರೆ ಸಂಸಾರ ಅಮೆರಿಕದಲ್ಲೇ ಇರುವುದರಿಂದ ಹಣವೂ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಇನ್ನೊಂದು ವಿಷಯ: ಅಮೆರಿಕದಿಂದ ನಗದು ಕೊಟ್ಟು ಹೊರದೇಶಕ್ಕೆ ಕಳಿಸುವ ಹಣಕ್ಕೆ 2026ರಿಂದ ಶೇ 1 ತೆರಿಗೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಹೊಡೆತ ಯಾರಿಗೆ ಎಂದು ಊಹಿಸಬಹುದು.

ನಮ್ಮ ಚೀಟಿ ಥರದ ವ್ಯವಸ್ಥೆ ಅವರಲ್ಲಿ ಇದೆಯಾ?

ಇದೆ. ಗ್ವಾಟೆಮಾಲಾದವರು ಅದನ್ನು ಕುಚುಬಾಲ್ ಅನ್ನುತ್ತಾರೆ. ಹತ್ತು ಜನ ಸೇರಿ ತಿಂಗಳಿಗೆ ಇಷ್ಟೆಂದು ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತುವುದು. ನಮ್ಮ ಹಾಗೆ ಹರಾಜು ಕೂಗುವುದಿಲ್ಲ. ಬ್ಯಾಂಕಿನ ಬಾಗಿಲು ಅರ್ಧ ಮುಚ್ಚಿದ ಕಡೆ ಈ ನಂಬಿಕೆಯ ಲೆಕ್ಕವೇ ವ್ಯಾನು, ಹುಲ್ಲು ಕತ್ತರಿಸುವ ಯಂತ್ರ ಕೊಳ್ಳಲು ಬಂಡವಾಳ.

ಇನ್ನಿಪ್ಪತ್ತು ವರ್ಷ ಕಳೆದರೆ ಗ್ವಾಟೆಮಾಲಾದವರೂ ಲಾವೋಸ್‌ನವರ ಮಟ್ಟಕ್ಕೆ ಬರುತ್ತಾರಾ?

ವರ್ಷ ಕಳೆದರೆ ಸಾಲದು. ಲಾವೋಸ್‌ನಿಂದ ಬರುವ ದೊಡ್ಡ ಅಲೆ ನಿಂತು ದಶಕಗಳಾದವು. ಅಮೆರಿಕದಲ್ಲಿರುವ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಅರ್ಧದಷ್ಟು ಅಲ್ಲೇ ಹುಟ್ಟಿದವರು. ಗ್ವಾಟೆಮಾಲಾದವರು 2021ರ ಹೊತ್ತಿಗೇ 18 ಲಕ್ಷ, ಅವರಲ್ಲಿ ಹತ್ತಕ್ಕೆ ಆರು ಮಂದಿ ಹೊರಗೆ ಹುಟ್ಟಿದವರು. ಹೊಸಬರು ಬರುತ್ತಲೇ ಇದ್ದಾಗ ಸರಾಸರಿ ಕೆಳಗೇ ಉಳಿಯುತ್ತದೆ. ಹಳಬರು ಮೇಲೆ ಹೋಗಿದ್ದರೂ ಅದು ಕಾಣುವುದಿಲ್ಲ. ಹಾಗಾಗಿ ಇವತ್ತಿನ ಗ್ವಾಟೆಮಾಲಾದ ಹೊಸಬನನ್ನು ಹೋಲಿಸಬೇಕಾದದ್ದು 1990ರ ಲಾವೋಸ್‌ನವನ ಜೊತೆ. ಹಾಗೆ ನೋಡಿದರೆ ಇವನು ಹಿಂದೆ ಬಿದ್ದವನೇನಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಸ್ವಲ್ಪ ಭರವಸೆ ಇದೆ. ಕಾಗದ ಇರಲಿ ಬಿಡಲಿ, ಮಕ್ಕಳಿಗೆ ಸರ್ಕಾರಿ ಶಾಲೆ ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅಲ್ಲೇ ಹುಟ್ಟಿದ ಮಗು ಅಪ್ಪನಿಗೆ ಸಿಗದ ಕೆಲಸಕ್ಕೆ ಅರ್ಜಿ ಹಾಕಬಹುದು. ಆದರೆ ಅಪ್ಪನನ್ನು ಗಡಿಪಾರು ಮಾಡಿದರೆ ಆ ಮಗುವೇ ಹದಿನಾರಕ್ಕೆ ಶಾಲೆ ಬಿಟ್ಟು ದುಡಿಯಬೇಕಾಗುತ್ತದೆ.

ಲಾವೋಸ್‌ನವರಿಗೆ ಗಡಿಪಾರಿನ ಭಯವೇ ಇಲ್ಲವಾ?

ಇದೆ. 1996ರ ಕಾನೂನುಗಳ ಮೇಲೆ, ಗ್ರೀನ್ ಕಾರ್ಡ್ ಇದ್ದೂ ಪೌರತ್ವ ತೆಗೆದುಕೊಳ್ಳದವರು ಹಳೆಯ ಅಪರಾಧಕ್ಕೂ ಗಡಿಪಾರಿನ ಪಟ್ಟಿಗೆ ಬಂದರು. ಎಷ್ಟೋ ಜನ ಹುಟ್ಟಿದ್ದು ಥಾಯ್ಲೆಂಡಿನ ಶಿಬಿರದಲ್ಲಿ, ಲಾವೋಸ್ ನೆಲ ಮೆಟ್ಟಿದವರೇ ಅಲ್ಲ. ಬಹುಕಾಲ ಲಾವೋಸ್ ಸರ್ಕಾರ ಇವರನ್ನು ವಾಪಸ್ ಕರೆಸಿಕೊಳ್ಳಲು ಮುಂದೆ ಬರುತ್ತಿರಲಿಲ್ಲ, ಹಾಗಾಗಿ ಆದೇಶ ಕಾಗದದಲ್ಲೇ ಉಳಿಯುತ್ತಿತ್ತು. 2025ರಿಂದ ಆ ನೆಮ್ಮದಿ ಹೋಗಿದೆ.

ಅಂಕಿ ಅಂಶ ನಾನೇ ನೋಡಬೇಕು. ಹೇಗೆ?

ಅಮೆರಿಕದ ಜನಗಣತಿ ಇಲಾಖೆಯ ಜಾಲತಾಣಕ್ಕೆ ಹೋಗಿ 'ಎಸ್0201' ಎಂಬ ಪಟ್ಟಿ ಹುಡುಕಿ. ಅದರಲ್ಲಿ ಗುಂಪಿನ ಹೆಸರು ಆರಿಸಿಕೊಂಡರೆ ಆದಾಯ, ಮನೆ, ಓದು, ವಿಮೆ ಎಲ್ಲ ಒಂದೇ ಕಡೆ ಸಿಗುತ್ತದೆ. ಲಾವೋಸ್‌ನವರದ್ದು 'ಜನಾಂಗ'ದ ಪ್ರಶ್ನೆಯ ಕೆಳಗೆ, ಗ್ವಾಟೆಮಾಲಾದವರದ್ದು 'ಹಿಸ್ಪಾನಿಕ್ ಮೂಲ'ದ (ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರೇ ಎಂಬ) ಪ್ರಶ್ನೆಯ ಕೆಳಗೆ ಇರುತ್ತದೆ. ಗುಂಪು ಸಣ್ಣದಾದ್ದರಿಂದ ಲಾವೋಸ್‌ಗೆ ಒಂದೇ ವರ್ಷದ ಅಂಕಿ ನಂಬಬೇಡಿ, ಐದು ವರ್ಷದ ಸರಾಸರಿ ಇದ್ದರೆ ಅದನ್ನು ನೋಡಿ. ಪಕ್ಕದಲ್ಲಿ ಕೂಡುವ ಕಳೆಯುವ ಗುರುತಿನ ಜೊತೆ ಒಂದು ಸಂಖ್ಯೆ ಇರುತ್ತದೆ, ನಿಜವಾದ ಅಂಕಿ ಅಷ್ಟು ಹೆಚ್ಚುಕಮ್ಮಿ ಇರಬಹುದು ಎಂದು ಅದರ ಅರ್ಥ, ಅದನ್ನು ಬಿಟ್ಟು ಓದಬೇಡಿ. ಇನ್ನೊಂದು: ಬಾಗಿಲು ತಟ್ಟಿದವರಿಗೆ ಹೆದರಿ ಉತ್ತರ ಕೊಡದ ಮನೆಗಳು ಈ ಪಟ್ಟಿಯಲ್ಲಿ ಕಡಿಮೆ ಸಿಗುತ್ತವೆ, ಅವು ಯಾವ ಮನೆಗಳು ಎಂದು ಈ ಹೊತ್ತಿಗೆ ನಿಮಗೇ ಗೊತ್ತು.